ಡಬಲ್ ಬೆಲ್ ಇಲ್ಲದೆ ಹೊರಡದ ದೋಣಿ

ಹೋದ ರವಿವಾರ ಬೀದರಿನ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ. ಅವಳು ಕಪಾಟಿನ ಕೆಳಗಿನ ಖಾನೆಯನ್ನು ನೆಲಕ್ಕೆ ಸುರುವಿಕೊಂಡು ಕೂತಿದ್ದಳು. ಸುಟ್ಟ ಬಲ್ಬು, ಯಾವ ಕೀಲಿಗೂ ಹೊಂದದ ಕೀಲಿಕೈ, ಒಂಟಿ ಕಾಲುಚೀಲ, ಇವುಗಳ ನಡುವಿನಿಂದ ಸುರುಳಿ ಸುರುಳಿಯಾದ ಕೆಂಪು ದಾರವೊಂದನ್ನು ಎತ್ತಿ ಹಿಡಿದಳು.

"ಹಳೀ ಫೋನಿನ ವೈರ್ ಯಾಕ ಇಟ್ಟೀರಿ? ಫೋನ್ ಹೋಗಿ ಜಮಾನಾ ಆತು."

"ಅದು ಫೋನಿಂದಲ್ಲ. ಗಫೂರ್ ಮಾಮಾನ ದೋಣೀದು."

ಕೈಗೆ ತೆಗೆದುಕೊಂಡು ಮೂಸಿದೆ. ಇಷ್ಟು ವರ್ಷವಾದರೂ ಪೆಟ್ರೋಲು ಮತ್ತು ಎಣ್ಣೆಯ ವಾಸನೆ ಸಣ್ಣಗೆ ಉಳಿದಿತ್ತು. ಬೀದರಿನವನ ಮನೆಯಲ್ಲಿ ದೋಣಿಯ ಸಾಮಾನು ಏಕಿದೆ ಎಂದು ನಿಮಗೂ ಅನಿಸಬಹುದು. ನಮ್ಮ ಕಡೆ ನೀರೆಂದರೆ ಭಾವಿ, ಕೆರೆ, ಟ್ಯಾಂಕರು. ಆದರೆ ಭಾಲ್ಕಿಯ ಬದಿಗೆ ಕಾರಂಜಾ ಅಣೆಕಟ್ಟಿನ ಹಿನ್ನೀರಿದೆ. ಅಲ್ಲಿ ನಿಂತರೆ ಆಚೆ ದಂಡೆಯ ಎಮ್ಮೆ ಕಾಣುತ್ತದೆ, ಆಚೆ ದಂಡೆ ಮುಟ್ಟಲು ಮಾತ್ರ ಭಾಲ್ಕಿಗೆ ಹೋಗಿ ಬಸ್ಸು ಬದಲಿಸಬೇಕು.

ಆಗ ನನ್ನ ಅಂಗಡಿ ಭಾಲ್ಕಿಯಲ್ಲಿತ್ತು. ಡೀಸೆಲ್ ಎಂಜಿನ್ನು, ಪಂಪ್‌ಸೆಟ್ಟು ರಿಪೇರಿ. ತಿರುಗುವುದೆಲ್ಲ ನನಗೆ ಗೊತ್ತೆಂದು ಸುತ್ತಲ ಹಳ್ಳಿಗಳ ನಂಬಿಕೆ. ಹೊಲಿಗೆ ಯಂತ್ರ ತಂದವರಿದ್ದಾರೆ, ತೊಟ್ಟಿಲು ಕಿರುಗುಟ್ಟುತ್ತದೆ ಎಂದು ಕರೆದವರೂ ಇದ್ದಾರೆ. ನಾನಂತೂ ಯಾರಿಗೂ ಬರುವುದಿಲ್ಲ ಎಂದವನಲ್ಲ. ಹಾಗಾಗಿ ಹಿನ್ನೀರಿನ ದಂಡೆಯ ಮೇಲಿನ ಒಂದು ಊರಿನವರು ಎಲ್ಲ ಕೂಡಿ ದೋಣಿಗೆ ಮೋಟಾರು ತರಿಸಿದಾಗ, "ಮಿಸ್ತ್ರಿ, ನೀನೂ ಬಾ" ಎಂದು ನನಗೂ ಹೇಳಿಕಳಿಸಿದರು.

ಅವತ್ತು ದಂಡೆಯಲ್ಲಿ ಅರ್ಧ ಊರು ನೆರೆದಿತ್ತು, ಆದರೆ ನೀವು ನಾಲ್ಕು ಮಂದಿಯನ್ನು ನೆನಪಿಟ್ಟುಕೊಂಡರೆ ಸಾಕು. ಒಬ್ಬರು ಗಫೂರ್ ಮಾಮಾ. ಭಾಲ್ಕಿಯಿಂದ ಔರಾದಕ್ಕೆ ಜನ್ಮವಿಡೀ ಬಸ್ಸು ಓಡಿಸಿ ರಿಟೈರ್ ಆದವರು. ದೋಣಿ ನಡೆಸುವವರು ಯಾರು ಎಂಬ ಪ್ರಶ್ನೆ ಬಂದಾಗ ಊರಿನ ಹಿರಿಯರು ಯೋಚಿಸಲೇ ಇಲ್ಲ. "ಗಫೂರಗ ಹೆವಿ ಲೈಸೆನ್ಸ್ ಅದ, ಮತ್ತೇನು?" ಎಂದರು. ಇನ್ನೊಬ್ಬರು ವೀರಶೆಟ್ಟಿ ಕಾಕಾ, ಅದೇ ಬಸ್ಸಿನ ಕಂಡಕ್ಟರ್. ರಿಟೈರ್ ಆದ ಮೇಲೂ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದರು, ಮಾಮಾ ಮುಂದೆ, ಕಾಕಾ ಹಿಂದೆ. ಮೂರನೆಯವನು ನಾನು. ನಾಲ್ಕನೆಯವರು ಮಾಮಾನ ಹೆಂಡತಿ ಮೆಹರೂನ್ ಮಾಮಿ. ಅವರು ನೀರಿಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಚಹಾದ ಥರ್ಮಾಸು.

ಮಾಮಿಗೆ ನೀರೆಂದರೆ ಜೀವ ಹೋದಂತೆ. ಆದರೆ ಆಚೆ ದಂಡೆಯಲ್ಲಿ ಅವರ ಅಕ್ಕ, ಅವರು ಆಪಾ ಎಂದು ಕರೆಯುವವರು, ಹಾಸಿಗೆ ಹಿಡಿದಿದ್ದರು. ತಾಯಿ ಹೋದ ಮೇಲೆ ಮಾಮಿಯನ್ನು ಎತ್ತಿ ಬೆಳೆಸಿದವರೇ ಆಪಾ. ನೋಡಿ ಬರಬೇಕೆಂದರೆ ಭಾಲ್ಕಿಯ ಸ್ಟ್ಯಾಂಡಿನಲ್ಲಿ ಕಾಯಬೇಕು, ನೋಯುವ ಮೊಳಕಾಲಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಬೇಕು, ಮುಟ್ಟಿದ ಕೂಡಲೇ ಕೊನೆಯ ಬಸ್ಸಿಗೆ ಎದ್ದು ಬರಬೇಕು. "ಅಕಿನ ಮುಖ ನೋಡೂದ್ರಾಗ ಗಡಿಯಾರ ನೋಡೂದೇ ಆಗ್ತದ" ಎಂದು ಮಾಮಿ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡಿದ್ದೆ. ದೋಣಿಯಲ್ಲಾದರೆ ಒಂದು ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಆಚೆ ದಂಡೆ.

ಮೋಟಾರು ತಂದ ಮನುಷ್ಯ ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ. ಬೂಟಿಗೆ ಕೆಸರು ತಾಗುವ ಮೊದಲೇ ಎಲ್ಲವನ್ನೂ ಒಂದು ಸಲ ಹಿಂದಿಯಲ್ಲಿ ಹೇಳಿ ಮುಗಿಸಿದ. ಟ್ಯಾಂಕಿನ ಮುಚ್ಚಳದ ಗಾಳಿಯ ತಿರುಪು ಸಡಿಲಿಸಬೇಕು. ಪೈಪಿನ ನಡುವಿನ ರಬ್ಬರ್ ಬುರುಡೆ ಗಟ್ಟಿಯಾಗುವತನಕ ಹಿಚುಕಬೇಕು. ನ್ಯೂಟ್ರಲ್ಲಿನಲ್ಲಿಡಬೇಕು, ಚೋಕು ಎಳೆಯಬೇಕು. ಮೋಟಾರು ಶುರು ಮಾಡುವ ಹಗ್ಗವನ್ನು ಮೊದಲು ಮೆಲ್ಲಗೆ, ಹಿಡಿತ ಸಿಕ್ಕ ಮೇಲೆ ಒಮ್ಮೆಲೆ ಜಗ್ಗಬೇಕು, ಆಗ ಮೊಳಕೈಯ ಹಿಂದೆ ಯಾರೂ ಇರಬಾರದು. ಪೆಟ್ರೋಲು ಹಾಕುವಾಗ ಬೀಡಿ ಬೇಡ. ಎಲ್ಲರೂ ಕಿತ್ತಳೆ ಬಣ್ಣದ ಜಾಕೀಟು ಹಾಕಬೇಕು. ಕೊನೆಗೆ ಈ ಕೆಂಪು ದಾರ: ಒಂದು ತುದಿಯ ಕ್ಲಿಪ್ಪು ಮೋಟಾರಿಗೆ, ಇನ್ನೊಂದು ತುದಿ ಮಣಿಕಟ್ಟಿಗೆ. ದಾರ ಜಗ್ಗಿದರೆ ಕ್ಲಿಪ್ಪು ಕಳಚಿ ಮೋಟಾರು ಬಂದ್. ನಾನು ಕೈಕಟ್ಟಿ ನಿಂತು ಎಲ್ಲದಕ್ಕೂ ತಲೆಯಾಡಿಸಿದೆ, ಮೊದಲಿಂದಲೂ ಗೊತ್ತಿದ್ದವನಂತೆ.

ಯಾರ ಮಣಿಕಟ್ಟಿಗೆ ಎಂದು ಆತ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೇ ಅವನಿಗೆ ತೋಚಿರಲಿಕ್ಕಿಲ್ಲ. ನಮಗೂ ಕೇಳುವ ಅಗತ್ಯ ತೋಚಲಿಲ್ಲ. ಹಳೆಯ ಬಸ್ಸುಗಳಲ್ಲಿ ಮೇಲೆ ಉದ್ದಕ್ಕೂ ಒಂದು ಹಗ್ಗವಿರುತ್ತಿತ್ತು, ನೆನಪಿದೆಯೇ? ಕಂಡಕ್ಟರ್ ಒಮ್ಮೆ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ಹೊರಡು. ಮಾಮಾ ಕೆಂಪು ದಾರವನ್ನು ನೋಡಿದರು, ಕಾಕಾನನ್ನು ನೋಡಿದರು.

"ಬೆಲ್ಲಿನ ಹಗ್ಗ ನಿಂದು. ತಗೋ."

ಕಾಕಾ ಅದನ್ನು ತಮ್ಮ ಮಣಿಕಟ್ಟಿಗೆ ಸುತ್ತಿಕೊಂಡು, ರಿಟೈರ್ ಆದ ಮೇಲೆ ಮೊದಲ ಸಲ ಎದೆ ಸೆಟೆದು ಕೂತರು. ನಾನೂ ಸೈ ಎಂದೆ.

ಮೊದಲ ವಾರದ ಕತೆ ಏನು ಹೇಳಲಿ. ಮಾರನೆಯ ದಿನವೇ ಹಗ್ಗ ಜಾಮ್ ಆಗಿದೆ, ಎಳೆದರೆ ಬರುವುದಿಲ್ಲ ಎಂದು ಕರೆ ಬಂತು. ನಾನು ಹೋಗಿ ಮೋಟಾರಿನ ಟೊಪ್ಪಿಗೆ ಬಿಚ್ಚಿದೆ, ಸ್ಕ್ರೂಗಳನ್ನು ರುಮಾಲಿನಲ್ಲಿ ಸಾಲಾಗಿ ಇಟ್ಟೆ, ಹುಬ್ಬು ಗಂಟಿಕ್ಕಿದೆ. ಬಿಸಿಲು ಏರಿದ ಮೇಲೆ ಗೊತ್ತಾಯಿತು, ಮೋಟಾರು ಗೇರಿನಲ್ಲಿತ್ತು. ಗೇರಿನಲ್ಲಿದ್ದರೆ ಶುರುವಾಗದಂತೆ ಅದಕ್ಕೊಂದು ತಡೆಯಿದೆ.

"ಮಾಮಾ, ಗೇರಿನಾಗ ಯಾಕ ಬಿಟ್ಟೀರಿ?"

"ಅರೆ, ದಂಡಿ ಇಳಿಜಾರ ಅದ. ಇಳಿಜಾರದಾಗ ಗಾಡಿ ನಿಂದ್ರಿಸಿದ್ರ ಗೇರಿನಾಗೇ ಬಿಡಬೇಕು. ನಿನಗ ಅಷ್ಟೂ ಗೊತ್ತಿಲ್ಲೇನು ಮಿಸ್ತ್ರಿ?"

ದೋಣಿ ತಿರುಗಿಸುವ ಹಿಡಿಕೆಯದು ಇನ್ನೊಂದು ತಕರಾರು. ಬಲಕ್ಕೆ ನೂಕಿದರೆ ದೋಣಿ ಎಡಕ್ಕೆ ಹೋಗುತ್ತದೆ. "ಇದು ನನ್ನ ಹೆಂಡತಿಗಿಂತ ಹಟಮಾರಿ ಅದ" ಎಂದರು ಮಾಮಾ, ದಂಡೆಯ ಕಡೆ ನೋಡಿ ದನಿ ತಗ್ಗಿಸಿ. ಅದಕ್ಕಿಂತ ಅವರಿಗೆ ಕಸಿವಿಸಿ ಆಗುತ್ತಿದ್ದದ್ದು ಹಿಂದೆ ಕೂತು ನಡೆಸುವುದು. "ಪ್ಯಾಸೆಂಜರ್ ಬೆನ್ನ ನೋಡ್ಕೋತ ಗಾಡಿ ಹೊಡಿಯೂದು ಇದು ಯಾವ ರಿವಾಜೋ!" ಆದರೂ ಕೈ ಪಳಗಿತು. ಮೋಟಾರು ಶುರುವಾದ ಕೂಡಲೇ ಪಕ್ಕದ ತೂತಿನಿಂದ ಸಣ್ಣ ನೀರಿನ ಧಾರೆ ಬೀಳಬೇಕು, ಬಿದ್ದರೆ ಎಂಜಿನ್ನಿಗೆ ತಂಪು ಸಿಗುತ್ತಿದೆ ಎಂದರ್ಥ. ಕಾಕಾ ಬಗ್ಗಿ ನೋಡಿ, "ಕೂಸು ಉಚ್ಚಿ ಹೊಯ್ಲಾಕತ್ತದ, ಆರಾಮ ಅದ" ಎಂದು ವರದಿ ಕೊಟ್ಟು, ಉಂಗುರದಿಂದ ಹಲಗೆಯ ಮೇಲೆ ಠಣ್ ಠಣ್ ಎಂದು ಎರಡು ಸಲ ಬಡಿಯುತ್ತಿದ್ದರು. ಆ ಡಬಲ್ ಬೆಲ್ ಬೀಳದೆ ಮಾಮಾ ಗೇರು ಹಾಕುತ್ತಿರಲಿಲ್ಲ.

ಹೊರಡುವುದು ಬಂತು. ನಿಲ್ಲುವುದು ಬರಲಿಲ್ಲ. ದಂಡೆ ಹತ್ತಿರವಾದಂತೆ ಮಾಮಾನ ಬಲಗಾಲು ಬ್ರೇಕು ಹುಡುಕುತ್ತ ದೋಣಿಯ ತಳವನ್ನು ಒತ್ತುತ್ತಿತ್ತು. ಕಾಕಾ "ಹೋಲ್ಡಾನ್!" ಎಂದು ದಾರ ಜಗ್ಗುತ್ತಿದ್ದರು. ಮೋಟಾರು ಬಂದ್ ಆಗುತ್ತಿತ್ತು. ಆಮೇಲೆ ದೋಣಿ ದಂಡೆಗೆ ಧಡ್ ಎಂದು ಗುದ್ದುತ್ತಿತ್ತು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಸಮೇತ ಒಬ್ಬರ ಮೇಲೊಬ್ಬರು ಬಿದ್ದು, "ಗಫೂರಣ್ಣಾ, ಔರಾದ ಬಂತೇನೋ!" ಎಂದು ಕಿಸಿಕಿಸಿ ನಗುತ್ತಿದ್ದರು. ಮಾಮಾ ನಗುತ್ತಿರಲಿಲ್ಲ. ಮುದುಕಿಯರ ಎಣ್ಣೆಯ ಡಬ್ಬಿ ಅಲ್ಲಾಡದಂತೆ ಬಸ್ಸು ನಿಲ್ಲಿಸಿದ ಮನುಷ್ಯ ಅವರು.

"ಕೂಡ್ತೀಯೇನು?" ಎಂದು ಅವರು ಒಂದು ಸಂಜೆ ಮಾಮಿಯನ್ನು ಕೇಳಿದರು. ಮಾಮಿ ಥರ್ಮಾಸಿನಿಂದ ಗಾಜಿನ ಲೋಟಕ್ಕೆ ಚಹಾ ಸುರಿದು, ಅಂಚಿನ ತನಕ ತುಂಬಿಸಿ, ಕಾಕಾನ ಕೈಗೆ ಕೊಟ್ಟರು.

"ಇದನ್ನ ಹಲಿಗಿ ಮ್ಯಾಲ ಇಡ್ರಿ ಅಣ್ಣಾ. ಒಂದು ಸುತ್ತು ಹೋಗಿ ಬಂದು ದಂಡಿಗಿ ಹಚ್ಚಲಿ. ಚೆಲ್ಲಲಿಲ್ಲ ಅಂದ್ರ ನಾಳೀನೇ ಕೂಡ್ತೇನಿ."

ಅವತ್ತು ಚಹಾ ಮಾತ್ರವಲ್ಲ, ಲೋಟವೂ ನೀರಿಗೆ ಹೋಯಿತು. ಮರುದಿನ ಸ್ಟೀಲಿನ ಲೋಟ ಬಂತು. ದಿನವೂ ಸಂಜೆ ಒಂದು ಲೋಟ ಚಹಾ ಕಾರಂಜಾದ ಮೀನಿನ ಪಾಲಾಗುತ್ತಿತ್ತು. ಆಚೆಯಿಂದ ಬಂದವರು, ಆಪಾ ಊಟ ಬಿಡುತ್ತಿದ್ದಾರೆ, ಮೆಹರೂನ್ ಬಂದಳೇನು ಎಂದು ಕೇಳುತ್ತಾರೆ ಎನ್ನುತ್ತಿದ್ದರು. ಮಾಮಾ ರಾತ್ರಿ ನಿದ್ದೆಯಲ್ಲೂ ಬಲಗಾಲು ಒತ್ತುತ್ತಾರೆಂದು ಮಾಮಿಯೇ ನನಗೆ ಹೇಳಿದರು. ನನ್ನನ್ನು ಕರೆಸಿ ಕೇಳಿದರೆ ನಾನೇನು ಹೇಳಲಿ? ಪಂಪ್‌ಸೆಟ್ಟಿನವನಿಗೆ ಬಂದ್ ಮಾಡುವುದೆಂದರೆ ನಿಲ್ಲಿಸುವುದೇ. ಬಂದ್ ಆದ ಪಂಪು ಭಾವಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. "ದಾರ ಇನ್ನಷ್ಟು ದೂರದಿಂದ ಜಗ್ಗಿ ನೋಡ್ರಿ" ಎಂದೆ. ಜಗ್ಗಿದರು. ದೋಣಿ ದಂಡೆ ಮುಟ್ಟದೆ ಗಾಳಿ ಬೀಸಿದತ್ತ ಹೊರಟು, ಮುಳುಗಿ ಒಣಗಿದ ಜಾಲಿಮರಕ್ಕೆ ಸಿಕ್ಕಿಕೊಂಡಿತು. ಎರಡು ತಾಸು ಮಾಮಾ, ಕಾಕಾ, ನಾನು ಮೂವರೂ ಅಲ್ಲೇ, ಕೊಕ್ಕರೆಗಳ ಜೊತೆ. ಜಾಣತನ ನನ್ನದೇ, ಹಾಗಾಗಿ ನಾನು ಕೊಕ್ಕರೆ ಎಣಿಸುತ್ತ ಕೂತೆ.

ದಾರಿ ತೋರಿಸಿದವರು ಮಾಮಿ. ನೀರಿಗೆ ಬೆನ್ನು ಮಾಡಿ ಕೂಡುವವರು ಕಿವಿಯಲ್ಲೇ ನೋಡುತ್ತಾರಲ್ಲ. ಒಂದು ಸಂಜೆ, ದೋಣಿ ಗುದ್ದಿ, ಚಹಾ ಚೆಲ್ಲಿದ ಮೇಲೆ ಅವರು ತಿರುಗದೆಯೇ ಕೇಳಿದರು:

"ಏನ್ರಿ, ದಿನಾ ಮೊದಲ ಸಪ್ಪಳ ನಿಂದ್ರತದ, ಆಮ್ಯಾಲ ಧಡ್ ಅಂತದ. ನೀವು ಔರಾದ ಸ್ಟ್ಯಾಂಡಿನಾಗ ಎಂಜಿನ್ ಬಂದ್ ಮಾಡಿ ಗಾಡಿ ಒಳಗ ತರ್ತಿದ್ರೇನು?"

ಮಾಮಾ ಹಿಡಿಕೆ ಬಿಟ್ಟು ಹಣೆ ಬಡಿದುಕೊಂಡರು. "ಯಾ ಅಲ್ಲಾ" ಎಂದರು. ಬಳಿಕ ಕಾಕಾನ ಕಡೆ ತಿರುಗಿದರು. "ವೀರಶೆಟ್ಟಿ, ಎಂಜಿನ್ ಜೀವಂತ ಇದ್ರ ನಾ ರಿವರ್ಸ್ ಆದ್ರೂ ಹಾಕ್ತೇನಿ. ನೀ ದಾರ ಜಗ್ಗಿ ನನ್ನ ಕೈ ಕಟ್ಟಿ ಹಾಕ್ಲಾಕತ್ತೀ."

"ಬೆಲ್ಲು ಕಂಡಕ್ಟರಂದು ಅಂತ ಕೊಟ್ಟಾಂವ ಯಾರು?"

"ಇದು ಬೆಲ್ ಅಲ್ಲೋ. ನಾ ನೀರಿಗಿ ಬಿದ್ರ ಗಾಡಿ ನಿಲ್ಲಸ್ಲಾಕ ಅದ. ನನ್ನ ಕೈಯಾಗ ಇರಬೇಕು."

ಕಾಕಾ ಮಣಿಕಟ್ಟಿನಿಂದ ದಾರವನ್ನು ನಿಧಾನಕ್ಕೆ ಬಿಚ್ಚಿದರು. ಬಿಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿತ್ತು. "ತಗೋ, ನನ್ನ ಡ್ಯೂಟಿ ಎರಡನೇ ಸಲ ಮುಗೀತು" ಎಂದು ಅವರು ಮಾಮಾನ ಕೈಗೆ ಕಟ್ಟುವಾಗ ಗಂಟು ಸ್ವಲ್ಪ ಹೆಚ್ಚೇ ಬಿಗಿದರೆಂದು ನನಗೆ ಅನುಮಾನ.

"ಡಬಲ್ ಬೆಲ್ ಯಾರು ಕೊಡಬೇಕು, ನಿಮ್ಮಪ್ಪನೇನು?" ಎಂದರು ಮಾಮಾ. "ಮುಂದ ಹೋಗಿ ಕೂಡು. ನೀರಾಗಿನ ಗಿಡದ ಮೋಟು ನೋಡಿ ಹೇಳು."

ಅಂದಿನಿಂದ ಕಾಕಾ ದೋಣಿಯ ಮೂತಿಯಲ್ಲಿ ಕೂತರು. ಜಾಲಿಮರ ದಾಟಿದ ಕೂಡಲೇ ಮಾಮಾ ವೇಗ ಇಳಿಸುವರು, ಆಮೇಲೆ ನ್ಯೂಟ್ರಲ್. ದೋಣಿ ತಾನಾಗಿ ಜಾರಿ ಬರುವುದು. ಕೊನೆಗೆ ಚೂರೇ ಚೂರು ರಿವರ್ಸ್. ಹಿಂದುಗಡೆ ನೀರು ಒಮ್ಮೆ ಕುದಿದು ಸುಮ್ಮನಾಗುವುದು, ದೋಣಿ ದಂಡೆಯನ್ನು ಮುಟ್ಟುವುದು. ಆಮೇಲಷ್ಟೇ ಮೋಟಾರು ಬಂದ್, ನೀರಿನಡಿ ತಿರುಗುವ ಫ್ಯಾನು ಕಲ್ಲಿಗೆ ತಾಗದಂತೆ ಮೇಲಕ್ಕೆ. ಮೊದಲ ಸಂಜೆ ಚಹಾ ಅರ್ಧ ಉಳಿಯಿತು. ಆ ವಾರದ ಕೊನೆಗೆ ಕಾಕಾ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತಂದಂತೆ ತಂದು, ಮಾಮಿಯ ಮುಂದೆ ಇಟ್ಟರು.

ಮಾತಿಗೆ ತಪ್ಪುವವರಲ್ಲ ಮಾಮಿ. ಮರುದಿನ ಬುರ್ಖಾದ ಮೇಲೆ ಕಿತ್ತಳೆ ಜಾಕೀಟು ಬಿಗಿದುಕೊಂಡು, ಕಣ್ಣು ಮುಚ್ಚಿ, ದೋಣಿಯ ನಡುವೆ ಕೂತರು. ಮಡಿಲಲ್ಲಿ ತುಂಬಿದ ಲೋಟ. ಪಕ್ಕದಲ್ಲಿ ನಾನು. ಠಣ್ ಠಣ್. ಹೊರಟೆವು. ನಡುನೀರಿಗೆ ಬಂದಾಗ ಮಾಮಾನಿಗೆ ಖುಷಿ ತಡೆಯಲಾಗಲಿಲ್ಲ. "ಮೆಹರೂನ್, ಕಣ್ಣು ತೆರಿ, ಆಪಾನ ಮನಿ ಕಾಣ್ಲಾಕತ್ತದ ನೋಡು!" ಎಂದು ಎದ್ದು ನಿಂತು ಕೈಚಾಚಿದರು. ದಾರ ಜಗ್ಗಿತು, ಕ್ಲಿಪ್ಪು ಕಳಚಿತು, ಮೋಟಾರು ಬಂದ್.

ದೋಣಿ ತುಸು ದೂರ ಜಾರಿ ನಿಂತಿತು. ಮಾಮಿ ಏನು ಮಾಡುತ್ತಾರೋ ಎಂದು ಮೂವರೂ ಅವರ ಕಡೆ ನೋಡಿದೆವು. ಮುಂದಿನಿಂದ ಕಾಕಾ ತಮ್ಮ ಹಳೆಯ ದನಿಯಲ್ಲಿ ಕೂಗಿದರು:

"ಯಾರರೆ ಇಳಿಯಾವ್ರ ಇದ್ದೀರೇನ್ರಿ?"

ಮಾಮಿ ಕಣ್ಣು ತೆರೆದರು. ಸುತ್ತಲೂ ನೀರು. ಜಾಕೀಟು ಕುಣಿಯುವಂತೆ ನಗತೊಡಗಿದರು. ನಕ್ಕು ಮುಗಿದ ಮೇಲೆ ಲೋಟವನ್ನೆತ್ತಿ ಚಹಾವನ್ನು ಕುಡಿದೇ ಬಿಟ್ಟರು.

"ಅಯ್ಯ, ಚೆಲ್ತದೋ ಇಲ್ಲೋ ನೋಡೂದಿತ್ತಲ್ಲ!" ಎಂದರು ಮಾಮಾ.

"ನೀವು ಕೂಡ್ರಿ ಮೊದಲ. ಕೂತು ನಡಸ್ರಿ."

ಮಾಮಾ ಕೂತರು. ಕ್ಲಿಪ್ಪು ಸಿಕ್ಕಿಸಿ, ನ್ಯೂಟ್ರಲ್ಲಿಗೆ ಹಾಕಿ, ಹಗ್ಗ ಎಳೆದರು.

ಹೊಸ ದಾರ ತಂದುಕೊಟ್ಟ ದಿನ ಈ ಹಳೆಯದನ್ನು ನಾನು ಜೇಬಿಗೆ ಹಾಕಿಕೊಂಡಿದ್ದೆ. ಇಷ್ಟೂ ಕೇಳುತ್ತ ನನ್ನ ಹೆಂಡತಿ ಬಲ್ಬು, ಕೀಲಿಕೈಗಳನ್ನೆಲ್ಲ ಬುಟ್ಟಿಗೆ ಹಾಕಿದ್ದಳು. ದಾರವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಟ್ಟೆಯಿಂದ ಒರೆಸಿ, ಬಾಗಿಲ ಪಕ್ಕದ ಮೊಳೆಗೆ ಸ್ಕೂಟರಿನ ಕೀಲಿಯ ಜೊತೆ ತಾನೇ ತೂಗುಹಾಕಿದಳು. "ಮುಂದ ಆಪಾ ಹ್ಯಾಂಗಾದ್ರು?" ಎಂದು ಕೇಳಿದಳು.

ಮಾಮಿ ಪ್ರತಿ ಶುಕ್ರವಾರ ಹೋಗುತ್ತಿದ್ದರು. ಆಮೇಲೆ ದಿನ ಬಿಟ್ಟು ದಿನ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಆಪಾ ತೀರಿಕೊಂಡರು, ಮಾಮಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುದ್ದಿ ಕೇಳಿ ನಾನೂ ಹೋಗಿದ್ದೆ. ಮಣ್ಣು ಮುಗಿಸಿ ಸಂಜೆ ದೋಣಿಗೆ ಬಂದೆವು. ಮಾಮಾ ಮೋಟಾರು ಶುರು ಮಾಡಿ ಕಾದರು. ಮುಂದೆ ಕೂತಿದ್ದ ಕಾಕಾನಿಗೆ ಅವತ್ತು ಕೈ ಏಳಲಿಲ್ಲ. ಮಾಮಿ ನೀರಿನ ಕಡೆಗೇ ಮುಖಮಾಡಿ ಕೂತಿದ್ದರು. ಕೊನೆಗೆ ಅವರೇ ತಮ್ಮ ಬಳೆಯಿಂದ ಹಲಗೆಯ ಮೇಲೆ ಎರಡು ಸಲ ಬಡಿದರು.