ಅರಿಶಿನ ಹಚ್ಚಿದ ಇನ್‌ವಾಯ್ಸು

ರೂಪಾಯಿ ಬೆಲೆ ಇಳಿದದ್ದರಿಂದ ಆಮದು ಸುಂಕದ ವರಮಾನ ಏರಿದೆಯಂತೆ. ಬೆಳಗಿನ ಪತ್ರಿಕೆಯಲ್ಲಿ ಇದನ್ನು ಓದುತ್ತ ಕೂತಿದ್ದೆ, ಕಾಫಿ ಆರಿಹೋಯಿತು. ಅದರಲ್ಲಿ ಅಂಥದ್ದೇನಿದೆ ಎನ್ನುತ್ತೀರಾ? ಸ್ವಲ್ಪ ಕೇಳಿ.

ಎಂಬತ್ತರ ದಶಕದಲ್ಲಿ ನಾನು ಉದ್ದನಪಲ್ಲಿಯಿಂದ ದಿನಾ ಬಸ್ಸು ಹಿಡಿದು ಹೊಸೂರಿನಲ್ಲಿ ಕಬ್ಬಿಣದ ಬಿಡಿಭಾಗ ಮಾಡುವ ಒಂದು ಪುಟ್ಟ ಕಾರ್ಖಾನೆಗೆ ಟೈಪಿಸ್ಟ್ ಕೆಲಸಕ್ಕೆ ಹೋಗುತ್ತಿದ್ದೆ. ಯಜಮಾನರು ಮುನಿರಾಜಪ್ಪ. ಅವರು ಜಪಾನಿನಿಂದ ಯಂತ್ರವೊಂದನ್ನು ತರಿಸಿದರು. ಬೆಲೆ ಯೆನ್‌ನಲ್ಲಿ, ಸುಂಕ ಮಾತ್ರ ಮದರಾಸಿನ ಕಸ್ಟಮ್ಸಿಗೆ ಕಾಗದ ಸಲ್ಲಿಸಿದ ದಿನದ ದರ ನೋಡಿ ರೂಪಾಯಿಯಲ್ಲಿ. ಆಗ ಯೆನ್ ಏರುತ್ತಲೇ ಇತ್ತು. ಅದು ಏರಿದರೆ ಯಂತ್ರಕ್ಕೇನೂ ಒಂದು ಬೋಲ್ಟು ಹೆಚ್ಚಾಗುವುದಿಲ್ಲ, ಸುಂಕ ಹೆಚ್ಚುತ್ತದೆ. ಬೇಗ ಕಳಿಸವ್ವ ಎಂದು ಯಜಮಾನರು ಯಂತ್ರದ ಬೆಲೆ ಬರೆದ ಇನ್‌ವಾಯ್ಸನ್ನು ನನ್ನ ಕೈಗಿತ್ತರು.

ನಮ್ಮ ಮನೆಯಲ್ಲಿ ಜಮೀನಿನ ಪಟ್ಟಾ ಬರಲಿ, ಮಾರ್ಕ್ಸ್ ಕಾರ್ಡು ಬರಲಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದಿಟ್ಟೇ ಪೆಟ್ಟಿಗೆಗೆ ಹಾಕುವುದು. ನಾನು ಮಹಾ ಬುದ್ಧಿವಂತೆ ನೋಡಿ, ಜಪಾನಿನ ಕಾಗದಕ್ಕೂ ಒದ್ದೆ ಅರಿಶಿನ ಹಚ್ಚಿ, ಮಡಚಿ, ಕಳಿಸಿದೆ. ಅಂಕಿಗಳೆಲ್ಲ ಕಲಸಿಹೋದವು. ಕಸ್ಟಮ್ಸಿನವರು ವಾಪಸು ಕಳಿಸಿದರು. ಜಪಾನಿನಿಂದ ಬೇರೆ ಪ್ರತಿ ಬರುವಷ್ಟರಲ್ಲಿ ಯೆನ್ ಇನ್ನೂ ಮೇಲೇರಿ ಕೂತಿತ್ತು.

ಪಾಲುದಾರನಾಗಿದ್ದ ಯಜಮಾನರ ಬಾಮೈದ ಕೆಂಡವಾದ. ಇದು ಯಾರ ಕೆಲಸ, ಇವತ್ತೇ ಮನೆಗೆ ಕಳಿಸು ಭಾವ ಎಂದ. ನನ್ನ ಕೆಲಸ ಹೋದರೆ ತಂಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

"ನಾನೇ ಕಣ್ಲಾ ಹಚ್ಚಿದ್ದು," ಎಂದರು ಮುನಿರಾಜಪ್ಪ, ತಲೆ ಎತ್ತದೆ. "ಕಬ್ಬಿಣದ ಯಾಪಾರಕ್ಕೂ ಒಳ್ಳೇದಾಗ್ಬ್ಯಾಡ್ವಾ?"

ಹೆಚ್ಚಿನ ಸುಂಕಕ್ಕೆ ಅವರ ಮೋಟಾರುಬೈಕು ಹೋಯಿತು. ಆಮೇಲೆ ಅವರೂ ಬಸ್ಸಿಗೇ ಬರತೊಡಗಿದರು. ಕೆಲಸಗಾರರು ಬೆನ್ನ ಹಿಂದೆ ಅವರನ್ನು 'ಅರಿಶಿನದಪ್ಪ' ಎಂದು ಕರೆದು ನಗುತ್ತಿದ್ದರು. ನಾನು ತಲೆ ತಗ್ಗಿಸಿ ಟೈಪು ಮಾಡುತ್ತಿದ್ದೆ. ನಿಜ ಹೇಳಲು ಧೈರ್ಯ ಬರಲಿಲ್ಲ, ಅವರು ತೀರಿಕೊಂಡಾಗಲೂ.

ಪತ್ರಿಕೆ ಮಡಚಿಟ್ಟು ಸೂಳಗಿರಿಯಲ್ಲಿರುವ ಅವರ ಹೆಂಡತಿಗೆ ಫೋನು ಮಾಡಿದೆ. ಅಮ್ಮ, ಅವತ್ತು ಅರಿಶಿನ ಹಚ್ಚಿದವಳು ನಾನು ಎಂದೆ.

"ಗೊತ್ತು ಕಣವ್ವ. ಅವ್ರು ಅವತ್ತೇ ಯೋಳಿದ್ರು. ಆ ಮಗು ತಾನಾಗೇ ಯೋಳೋಗಂಟ ನೀನು ಕೇಳ್ಬ್ಯಾಡ ಅಂದಿದ್ರು."

ಅರವತ್ತು ದಾಟಿದ ಆ ಮಗು ಫೋನು ಹಿಡಿದುಕೊಂಡೇ ಅತ್ತಿತು.