ಶುಕ್ರವಾರದ ಅಂಗಿ

ಶೀನಪ್ಪ ಮಾಸ್ತರರು ಉಮರಬ್ಬನನ್ನು ಮೊದಲು ಕಂಡದ್ದು ೧೯೫೮ರಲ್ಲಿ, ಮಂಗಳೂರಿನ ಬಲ್ಮಠದ ಶಾಲೆಯೊಂದರ ಸಭಾಂಗಣದಲ್ಲಿ, ತಾವೇ ಬರೆದ ನಾಟಕದ ತಾಲೀಮಿನ ದಿನ. ಬಂದರಿನ ಬಟ್ಟೆ ಅಂಗಡಿಯಿಂದ ಪರದೆಯ ಬಟ್ಟೆ ತಂದಿದ್ದ ತೆಳ್ಳಗಿನ ಯುವಕ, ಕಂಕುಳಲ್ಲಿ ಥಾನು ಹಿಡಿದೇ ಬಾಗಿಲಲ್ಲಿ ನಿಂತಿದ್ದ. ಬಿಳಿ ಲುಂಗಿ, ಕಿವಿಯ ಮೇಲೊಂದು ಪೆನ್ಸಿಲ್. ರಂಗದ ಮೇಲಿನ ಸಾಹೇಬ "ನಿಮ್ದುಕೆ ಏನು ಬೇಕ್ರೀ" ಎಂದು ಗಡ್ಡ ಕುಣಿಸಿದಾಗ ಎಲ್ಲರೂ ನಕ್ಕರು, ಅವನೊಬ್ಬನ ಹೊರತು.

"ಎಂತ, ತಮಾಷೆ ಹಿಡಿಸಲಿಲ್ವಾ?" ಮಾಸ್ತರರು ಕೆಣಕಿದರು.

"ಈ ಸಾಹೇಬ್ರು ಯಾವ ಊರಿನವರು ಮಾಸ್ಟ್ರೇ? ನಮ್ಮ ಕೇರಿಯಲ್ಲಂತೂ ಇಲ್ಲ. ಗಡ್ಡ ಅಂಟಿಸಿದ್ದು ಸಾಲದು ಅಂತ ಮಾತನ್ನೂ ಅಂಟಿಸಿದ್ದೀರಲ್ಲ ಮಾರಾಯ್ರೆ!"

ಮಾಸ್ತರರಿಗೆ ಸಿಟ್ಟು ಬಂತು. ಆದರೂ ಮೂರು ದಿನ ಬಿಟ್ಟು ತಾವೇ ಅಂಗಡಿ ಹುಡುಕಿಕೊಂಡು ಹೋದರು. ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ಇಬ್ಬರೂ ಕೂತು ಬರೆದರು. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಕಾಣುತ್ತಿತ್ತು.

ಹಾಗೆ ಹುಟ್ಟಿದ ಸಿನಿಮಾ ಕಥೆ ಉಮರಬ್ಬನ ಮನೆಯದೇ. ಅವನ ಅಣ್ಣ ರವೂಫ್ ಸರಕು ಸಾಗಿಸುವ ಹಾಯಿಹಡಗು ಮಂಜಿ ಹತ್ತಿ ಬೊಂಬಾಯಿಗೆ ಹೊರಟವನು ಮರಳಲಿಲ್ಲ. ತಾಯಿ ಖತೀಜಮ್ಮ ಅಳಲಿಲ್ಲ. ಬಂದವನಿಗೆ ಮಡಿ ಬಟ್ಟೆ ಬೇಕಲ್ಲ ಎಂದು ಪ್ರತಿ ಶುಕ್ರವಾರ ಅವನ ನೀಲಿ ಗೀಟಿನ ಅಂಗಿ ಒಗೆದು ಅಂಗಳದಲ್ಲಿ ಹರವುತ್ತಿದ್ದರು.

೧೯೬೪ರಲ್ಲಿ ಮದರಾಸಿನ ಕಂಪನಿಯೊಂದು ಕಥೆ ಒಪ್ಪಿತು. ಸಂಭಾಷಣೆಗೆಂದು ಮಾಸ್ತರರನ್ನು ಮಾತ್ರ ಕರೆಯಿತು. ಸಿನಿಮಾದಲ್ಲಿ ಹರವಲು ರವೂಫನ ಅಂಗಿಯೇ ಬೇಕು, ಹೊಸದಕ್ಕೆ ಆ ನವೆದ ಕಾಲರ್ ಬಾರದೆಂದು ಉಮರಬ್ಬ ತಾಯಿಯನ್ನು ಕಾಡಿ ಬೇಡಿ ಒಪ್ಪಿಸಿದ. ಖತೀಜಮ್ಮ ತಾವೇ ಅಂಗಿಯನ್ನು ಕಾಗದದಲ್ಲಿ ಸುತ್ತಿ, ಮಗನೇ ಎಂದು ಕರೆದು ಮಾಸ್ತರರ ಕೈಗಿಟ್ಟರು.

"ಒದ್ದೆ ಮಾಡಿಯೇ ಹರವಲಿಕ್ಕೆ ಹೇಳು ಮೋನೇ. ಒಣ ಅಂಗಿ ಗಾಳಿಗೆ ಹಾರ್ತದೆ. ಸುಳ್ಳು ಅಂತ ಗೊತ್ತಾಗ್ತದೆ."

"ಹೇಳ್ತೇನೆ ಉಮ್ಮಾ. ಮುಗಿದ ಕೂಡ್ಲೇ ವಾಪಸ್ ತರ್ತೇನೆ," ಎಂದರು ಮಾಸ್ತರರು.

ಮದರಾಸಿನಲ್ಲಿ ಕಥೆಯ ಚರ್ಚೆಗೆ ಕೂತ ಕೋಣೆಯಲ್ಲಿದ್ದ ಕಂಪನಿಯ ಐವರೂ ಒಂದೇ ಬೀದಿಯಲ್ಲಿ ಬೆಳೆದವರಂತಿದ್ದರು. ಖತೀಜಮ್ಮನದಂಥ ಅಂಗಳವನ್ನು ಒಬ್ಬರೂ ತುಳಿದವರಲ್ಲ.

"ಅಳದ ತಾಯೀನ ಯಾರ್ರೀ ನೋಡ್ತಾರೆ? ತೂಗುದೀಪ ಇರಲಿ, ಜರಿ ದುಪಟ್ಟಾ ಇರಲಿ. ಸುದ್ದಿ ಕೇಳಿ ಮೆಟ್ಟಿಲಿಂದ ಉರುಳಲಿ. ಏನ್ರೀ ಮೇಷ್ಟ್ರೇ?" ಎಂದ ಅವರಲ್ಲೊಬ್ಬ.

ಅಂಗಿಯ ಕಟ್ಟು ಮಾಸ್ತರರ ತೊಡೆಯ ಮೇಲಿತ್ತು. ಜೊತೆಗೆ, ಪರದೆಯ ಮೇಲೆ ಮೊದಲ ಬಾರಿಗೆ ಹೆಸರು ಬರುವ ಆಸೆಯೂ ಇತ್ತು. "ಆಗಬಹುದು," ಎಂದರು. ಕಟ್ಟನ್ನು ಕಂಪನಿಯ ಉಡುಪಿನವರ ಕೈಗೆ ಕೊಟ್ಟು ಊರಿಗೆ ಮರಳಿದರು.

ಸಿನಿಮಾ ಮಂಗಳೂರಿಗೆ ಬಂದಾಗ ಖತೀಜಮ್ಮ ಜೀವಮಾನದಲ್ಲೇ ಮೊದಲ ಸಲ ಟಾಕೀಸಿಗೆ ಬಂದರು, ಕೊಡೆಯಲ್ಲಿ ಮುಖ ಮರೆಸಿಕೊಂಡು. ಜರಿ ತೊಟ್ಟ ತಾಯಿ ಉರುಳಿ ಬಿದ್ದು ಗೋಳಾಡುವಾಗ ಜನ ಬೀಡಿ ಸೇದಲು ಎದ್ದು ಹೋದರು. ಅಂಥ ತಾಯಂದಿರನ್ನು ಅವರು ಹತ್ತು ಸಿನಿಮಾಗಳಲ್ಲಿ ಕಂಡಿದ್ದರು. ಖತೀಜಮ್ಮ ಮಾತ್ರ ಕೊನೆಗೆ ದೀಪ ಹತ್ತುವವರೆಗೂ ಕಾದರು.

"ಆ ಹೆಂಗಸು ಯಾರು ಮೋನೇ?" ಹೊರಗೆ ಬಂದು ಕೇಳಿದರು. "ರವೂಫನ ಅಂಗಿ ಎಲ್ಲಿ?"

ಮಾಸ್ತರರು ಮದರಾಸಿಗೆ ಮೂರು ಕಾಗದ ಬರೆದರು. ಉಡುಪಿನ ಪೆಟ್ಟಿಗೆಗಳಲ್ಲಿ ಅಂಥ ಅಂಗಿ ಇಲ್ಲವೆಂದು ಉತ್ತರ ಬಂತು. ಅದನ್ನು ಓದಿ ಉಮರಬ್ಬ ಮಡಚಿ ಹಿಂದೆ ಕೊಟ್ಟ.

"ಆ ಕೋಣೆಯಲ್ಲಿ ನಾನಿರ್ಲಿಲ್ಲ. ನೀವಿದ್ರಲ್ಲ ಮಾಸ್ಟ್ರೇ."

ಮುಂದಿನ ಶುಕ್ರವಾರ ಖತೀಜಮ್ಮ ಬಾವಿಕಟ್ಟೆಯವರೆಗೆ ಹೋಗಿ ಬರಿಗೈಯಲ್ಲಿ ನಿಂತಿದ್ದು ತಿರುಗಿ ಬಂದರು.

ಭಾನುವಾರ ಈಗಲೂ ಮಾಸ್ತರರು ಒಬ್ಬರೇ ಕಾಗದ ಹರಡಿ ಕೂರುತ್ತಾರೆ. ಉಮರಬ್ಬ ಬಂದರಿನ ಅದೇ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುತ್ತಾನೆ.