ತೊಗರಿ ಸಾಲಿನ ಎರಡು ಗಿಡ

ಅಣ್ಣ ಗಾಂಜಾ ಸೇದುತ್ತಿದ್ದ, ನಾನು ಬ್ರಾಂದಿ ಕುಡಿಯುತ್ತಿದ್ದೆ. ಅವನ ಗಿಡ ದೊಡ್ಡೇರಿ ಕಡೆಯ ನಮ್ಮ ಹೊಲದಲ್ಲಿ, ತೊಗರಿ ಸಾಲಿನ ನಡುವೆ ಇತ್ತು; ಇದ್ದದ್ದೇ ಎರಡು. ನನ್ನ ಬಾಟಲಿ ಮಧುಗಿರಿಯ ಬಾರಿನಲ್ಲಿ, ಸರ್ಕಾರದ ಲೇಬಲ್ ಅಂಟಿಸಿಕೊಂಡು ರಾಜಾರೋಷವಾಗಿ ಕೂತಿರುತ್ತಿತ್ತು. ಹಾಗಾಗಿ ಊರವರ ಬಾಯಲ್ಲಿ ಅವನು ಗಾಂಜಾ ಗಿರಾಕಿ, ನಾನು ಮೇಷ್ಟ್ರು.

ನನಗೆ ಉರಿಯುತ್ತಿದ್ದದ್ದು ಗಾಂಜಾ ಕಂಡು ಅಲ್ಲ. ಪ್ರತಿ ಸೋಮವಾರ ಸಂಜೆ ಊರಾಚೆಯ ಗದ್ದುಗೆಯ ಮುಂದೆ ತತ್ವಪದ ಹಾಡುವವರು ಸೇರುತ್ತಿದ್ದರು. ಚಿಲುಮೆಗೆ ಒದ್ದೆ ಬಟ್ಟೆ ಸುತ್ತಿ, ಗದ್ದುಗೆಗೆ ಒಮ್ಮೆ ತೋರಿಸಿ, ಕೈಯಿಂದ ಕೈಗೆ ಒಂದು ಸುತ್ತು ಬಂದ ಮೇಲೇ ಮೊದಲ ಪದ. ನಮ್ಮ ತಾತನ ಕಾಲದಿಂದಲೂ ಹಾಗೇ. ಅಣ್ಣ ಏಕತಾರಿ ಮೀಟಿ ದನಿ ಎತ್ತುತ್ತಾನೆ ಅಂದರೆ ಸಾಕು, ಮಂಡಿನೋವಿನ ಅಮ್ಮ ಕೋಲೂರಿಕೊಂಡು ಅಷ್ಟು ದೂರ ನಡೆದು ಹೋಗುತ್ತಿದ್ದಳು. ಮನೆ ಕಟ್ಟಿಸಿದವನು ನಾನು, ಮಂಡಿಗೆ ಮುಲಾಮು ತಂದುಕೊಟ್ಟವನೂ ನಾನು. ಆ ಮುಲಾಮು ತಿಕ್ಕಿಕೊಂಡು ಅವಳು ಹೋಗುತ್ತಿದ್ದದ್ದು ಅವನ ಹಾಡಿಗೆ.

ನಾನೂ ಹಾಡುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವನು ನಾನೇ. ಒಂದು ಸೋಮವಾರ ಗದ್ದುಗೆಯ ಮುಂದೆ ಹಾಡಿಯೂ ಹಾಡಿದೆ. ಅಮ್ಮ ಅರ್ಧಕ್ಕೇ ಎಲೆಅಡಿಕೆ ಚೀಲ ಬಿಚ್ಚಿ ಸುಣ್ಣ ಹುಡುಕತೊಡಗಿದಳು.

"ಅವ್ನು ಗಾಂಜಾ ಮತ್ತಿನಾಗೆ ಹಾಡ್ತಾನೆ ಕಣಮ್ಮ" ಎಂದೆ, ಮನೆಗೆ ಬರುವ ದಾರಿಯಲ್ಲಿ.

"ಅದುಕ್ಕೇನೀಗ? ಸೇದಿ ಯಾರ್ಗಾನ ಹೊಡ್ದವ್ನಾ, ಬೈದವ್ನಾ?"

ಕುಡಿದು ಬಂದು ಹೆಂಡತಿಯತ್ತ ತಟ್ಟೆ ಎಸೆದವನು ನಾನು. ಅದನ್ನು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಆ ವಾರವೇ ನಮ್ಮ ಶಾಲೆಯಲ್ಲಿ ಮಾದಕ ವಸ್ತು ಮುಟ್ಟುವುದಿಲ್ಲವೆಂದು ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದೆವು. ಕೈ ಮುಂದಕ್ಕೆ ಚಾಚಿಸಿ ಒಂದೊಂದೇ ಸಾಲು ಹೇಳಿಸಿದವನು ನಾನು. ಕಾರ್ಯಕ್ರಮಕ್ಕೆ ಬಂದಿದ್ದ ಪೊಲೀಸಿನವರಿಗೆ ಟೀ ಕೊಡುತ್ತಾ ತೊಗರಿ ಸಾಲಿನ ಗುರುತು ಹೇಳಿಬಿಟ್ಟೆ. ಅಣ್ಣ ಸುಧಾರಿಸಲಿ ಸಾರ್, ಅಂದೆ. ಗಿಡ ಕಿತ್ತು, ಗದರಿಸಿ ಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಗಿಡದ ಜೊತೆ ಅವನನ್ನೂ ಜೀಪು ಹತ್ತಿಸಿದರು. ಸೇದಿದ್ದಕ್ಕಿಂತ ಬೆಳೆದದ್ದು ದೊಡ್ಡ ಅಪರಾಧವಂತೆ. ಜಾಮೀನು ಸಿಗಲು ಮೂರು ತಿಂಗಳು ಹಿಡಿಯಿತು.

ಈ ಕಾನೂನು ಯಾರನ್ನು ಉದ್ಧಾರ ಮಾಡಿತೋ ನನಗಂತೂ ಗೊತ್ತಿಲ್ಲ. ನನ್ನಂಥ ಹೊಟ್ಟೆಕಿಚ್ಚಿನವನಿಗೆ ಒಳ್ಳೆಯವನ ವೇಷ ತೊಡಿಸಿದ್ದು ಮಾತ್ರ ನಿಜ. ಊರಿನಲ್ಲಿ ಇಬ್ಬರು ಮೂವರು ಕೈ ಕುಲುಕಿ, "ಸರಿಯಾಯ್ತು ಬುಡಿ ಮೇಷ್ಟ್ರೇ" ಅಂದರು. ಅವರಲ್ಲಿ ಒಬ್ಬನ ಬಾಯಿ ಆಗಲೇ ಘಮ್ಮೆನ್ನುತ್ತಿತ್ತು.

ಈಗ ಅಣ್ಣ ಪ್ರತಿ ಭಾನುವಾರ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕು. ನನ್ನ ಬೈಕಿನಲ್ಲೇ ಕರೆದೊಯ್ಯುತ್ತೇನೆ. ಬರುವಾಗ ಬಾರಿನ ಮುಂದೆ ಗಾಡಿ ನಿಲ್ಲಿಸಿ ನಾನು ಒಳಗೆ ಹೋಗುತ್ತೇನೆ, ಅವನು ಬಿಸಿಲಲ್ಲಿ ಬೈಕ್ ಕಾಯುತ್ತಾನೆ. "ಆಯ್ತೇನ್ಲಾ ನಿಂದು?" ಎಂದು ಕೇಳಿ ಹಿಂದೆ ಕೂರುತ್ತಾನೆ. ಪೊಲೀಸರಿಗೆ ಹೇಳಿದ್ದು ಯಾರೆಂದು ಒಮ್ಮೆಯೂ ಕೇಳಿಲ್ಲ. ಅವನ ಏಕತಾರಿ ಗೋಡೆಯ ಗೂಟದಲ್ಲಿ ನೇತಾಡುತ್ತಿದೆ. ಅವನು ಹಾಡು ಬಿಟ್ಟರೆ ಅಮ್ಮ ನನ್ನ ಕಡೆ ತಿರುಗುತ್ತಾಳೆ ಅಂದುಕೊಂಡಿದ್ದೆ. ಹಾಡದೆ ಕೂತ ಅವನನ್ನೇ ಅವಳು ನೋಡುತ್ತಾ ಕೂರುತ್ತಾಳೆ. ಅದಕ್ಕೂ ನನಗೆ ಉರಿಯುತ್ತದೆ.

ಹೋದ ಸೋಮವಾರ ಸಂಜೆ ಕೋಲು ಪಕ್ಕಕ್ಕಿಟ್ಟುಕೊಂಡು ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಹತ್ತಿರ ಹೋಗಿ ಕೂತೆ.

"ನಾನೊಂದು ಪದ ಹೇಳ್ಲೇನಮ್ಮ?"

ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಆಚೆ ಸರಿದಳು.

"ಬ್ಯಾಡ ಬುಡು ಮಗಾ. ವಾಸ್ನೆ ಬತ್ತೈತೆ."